ಹದಿನಾರು ಮೊಳದ ಮನೆ

ಮನೆ ಕೊಳ್ಳುವವರು ತೊಲೆ ತಟ್ಟಿ ನೋಡುತ್ತಾರೆ, ಬಾವಿಗೆ ಬಗ್ಗಿ ನೋಡುತ್ತಾರೆ, ನೆರೆಯವರು ಎಂಥವರು ಎಂದು ವಿಚಾರಿಸುತ್ತಾರೆ. ನೇಕಾರ ಚಿನ್ನಸ್ವಾಮಿ ಒಂದು ಹಗ್ಗ ಹಿಡಿದುಕೊಂಡು ಬಂದ. ಹದಿನಾರು ಮೊಳದ ಹಗ್ಗ. ನೆಲದಲ್ಲಿ ಗುಂಡಿ ತೋಡಿ ಹೂಡುವ ಅವನ ಕುಣಿಮಗ್ಗಕ್ಕೂ, ಮಗ್ಗದ ಮುಂದೆ ರೇಷ್ಮೆ ಎಳೆಗಳನ್ನು ಬಿಗಿದು ಕಟ್ಟುವ ಹಾಸಿಗೂ ಅಷ್ಟು ಉದ್ದ ಬೇಕಂತೆ. ಪಡಸಾಲೆಯ ಪಡುವಣ ಗೋಡೆಗೆ ಹೆಂಡತಿ ರಾಮಮ್ಮನ ಕೈಯಲ್ಲಿ ಒಂದು ತುದಿ ಹಿಡಿಸಿದ, ಇನ್ನೊಂದು ತುದಿ ತಾನು ಹಿಡಿದು ಮೂಡಣ ಗೋಡೆಗೆ ನಡೆದ. ತುದಿ ಗೋಡೆಗೆ ಮುಟ್ಟಿತು. "ಅಳ್ದಂಗ ಅದ ಕಣಮ್ಮೀ!" ಎಂದು ಬಾಯ್ತುಂಬ ನಕ್ಕ. ಅವನು ಮಾಡಿದ ತಪಾಸಣೆ ಅಷ್ಟೇ.

ಬೈಯಬೇಕೆಂದರೆ ಅವನೊಬ್ಬನನ್ನೇ ಏಕೆ ಬೈಯಲಿ? ಕ್ರಯಪತ್ರ ಬರೆದವನು ನಾನು. ಕೊಳ್ಳೇಗಾಲದ ತಾಲ್ಲೂಕು ಕಚೇರಿಯ ಎದುರು ಹುಣಸೆಮರದ ಕೆಳಗೆ ಮೂವತ್ತು ವರ್ಷದಿಂದ ಕೂತಿದ್ದೇನೆ. ಗುರುಸಿದ್ದಯ್ಯ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಅರ್ಜಿ ಅಯ್ನೋರು ಎಂದರೆ ಎಲ್ಲರೂ ಕೈ ತೋರಿಸುತ್ತಾರೆ. ಆ ದಿನ ಚೆಕ್ಕುಬಂದಿಯನ್ನು ಗಟ್ಟಿಯಾಗಿ ಓದಿದೆ: "ಪಶ್ಚಿಮಕ್ಕೆ ಬೀದಿ, ಪೂರ್ವಕ್ಕೆ ಸರ್ಕಾರಿ ಓಣಿ, ಮಧ್ಯೆ ಒಂಬತ್ತು ಮೊಳ." ಚಿನ್ನಸ್ವಾಮಿ ತಲೆಯಾಡಿಸಿದ. ಒಂಬತ್ತು ಎಲ್ಲಿ, ಅವನು ಅಳೆದ ಹದಿನಾರು ಎಲ್ಲಿ? ಅವನು ಕೇಳಲಿಲ್ಲ, ನಾನೂ ಎದ್ದು ಹೋಗಿ ನೋಡಲಿಲ್ಲ. ಮಾರಿದ ಸಿದ್ದಮಲ್ಲಪ್ಪ ಮಾತ್ರ ಎಲ್ಲ ತಿಳಿದೂ ಎಲೆ ಅಡಿಕೆ ಜಗಿಯುತ್ತ ಕೂತಿದ್ದ. ಜಮೀನುದಾರ, ಹುಣಸೆಹಣ್ಣಿನ ವ್ಯಾಪಾರಿ. ದಾಸ್ತಾನಿಗೆ ಜಾಗ ಸಾಲದೆ ಹಿಂದಿನ ಓಣಿಯನ್ನೇ ಏಳು ಮೊಳ ನುಂಗಿ, ಗೋಡೆ ಎತ್ತಿ, ಹೆಂಚು ಹೊದಿಸಿದ್ದ ಮಹಾನುಭಾವ.

ಚಿನ್ನಸ್ವಾಮಿ ಮಾಂಬಳ್ಳಿಯವನು. ಅದು ಯಳಂದೂರಿನ ಕಡೆ, ಮೈಸೂರಿನವರ ಸೀಮೆ. ಕೊಳ್ಳೇಗಾಲದ ನಾವು ಮದರಾಸು ಸರ್ಕಾರದವರು, ಕೊಯಮತ್ತೂರು ಜಿಲ್ಲೆ. ಅವನೂರಿನಲ್ಲಿ ಹಿತ್ತಲಿಗೆ ಗೋಡೆ ಎತ್ತಲು ಪಕ್ಕದವನನ್ನು ಒಂದು ಮಾತು ಕೇಳಿದರೆ ಮುಗಿಯಿತು. ಇಲ್ಲಿ ಪಂಚಾಯ್ತಿ ಬೋರ್ಡಿಗೆ ನಕ್ಷೆ ಕೊಡಬೇಕು, ಲೈಸೆನ್ಸು ತರಬೇಕು, ಕಟ್ಟಿದ ಮೇಲೆ ಮತ್ತೆ ತೋರಿಸಬೇಕು. ಅದೆಲ್ಲ ಅವನಿಗೆ ಯಾರು ಹೇಳಬೇಕು? ಇಪ್ಪತ್ತು ವರ್ಷ ಅಣ್ಣನ ಮನೆಯಲ್ಲಿ, ಅಣ್ಣನ ಮಗ್ಗದಲ್ಲಿ, ಅಣ್ಣ ಎದ್ದಾಗ ಕೂತು ಅಣ್ಣ ಬಂದಾಗ ಎದ್ದು ನೇಯ್ದವನು. ತನ್ನ ಸೂರಿನಡಿ ತನ್ನದೊಂದು ಮಗ್ಗ, ಅವನಿಗೆ ಬೇಕಾಗಿದ್ದದ್ದು ಅದೊಂದೇ. ಊರಿನ ತನ್ನ ಪಾಲನ್ನು ಅಣ್ಣನಿಗೇ ಬಿಟ್ಟುಕೊಟ್ಟು ಬಂದಿದ್ದ.

ಉದ್ದ ಕಾಲಿನ ಆಳು. ನಿಂತು ಮಾತಾಡುವಾಗಲೂ ಕಾಲು ಸುಮ್ಮನಿರುತ್ತಿರಲಿಲ್ಲ. ಮಗ್ಗದ ಕುಣಿಯೊಳಗೆ ತುಳಿಯುವ ಹಾಗೆ ಎಡ ಬಲ, ಎಡ ಬಲ. "ಅದ್ಯಾಕಯ್ಯ ಹಂಗೆ ಕುಣೀತೀಯ?" ಎಂದು ಗದರಿದರೆ, "ಕಾಲ್ಗ ಅಭ್ಯಾಸ ಆಗೋಗದ ಅಯ್ನೋರ, ನಾ ಏಳ್ದ ಮಾತ ಕೇಳಕಿಲ್ಲ" ಎನ್ನುತ್ತಿದ್ದ. ಮೊದಲ ಮೂರು ತಿಂಗಳು ಆ ಬೀದಿಯಲ್ಲಿ ಹೋದರೆ ಲಾಳಿಯ ಸದ್ದು ಕೇಳಿಸುತ್ತಿತ್ತು. ಗಂಡಹೆಂಡಿರಲ್ಲಿ ಯಾರೋ ಒಬ್ಬರು ನಗುತ್ತಿರುತ್ತಿದ್ದರು. ಅವನನ್ನು ಅಷ್ಟು ಸುಖವಾಗಿ ನಾನು ಮತ್ತೆ ನೋಡಲಿಲ್ಲ.

ನಾಲ್ಕನೆಯ ತಿಂಗಳು ಬೋರ್ಡಿನಿಂದ ನೋಟೀಸು ಬಂತು. ಅರ್ಧ ತಮಿಳು, ಅರ್ಧ ಇಂಗ್ಲಿಷು. ಓದಿಸಿಕೊಳ್ಳಲು ನನ್ನ ಹತ್ತಿರ ತಂದ. ಓಣಿಯ ಮೇಲೆ ಅನುಮತಿಯಿಲ್ಲದೆ ಕಟ್ಟಿರುವ ಏಳು ಮೊಳವನ್ನು ಹದಿನೈದು ದಿನದೊಳಗೆ ತೆಗೆಯದಿದ್ದರೆ ಬೋರ್ಡೇ ಬಂದು ಕೆಡವುವುದು ಎಂದಿತ್ತು. ಕೆಳಗೆ, ಇದೇ ಮನೆಗೆ ಹಿಂದೆ ಎರಡು ಸಲ ನೋಟೀಸು ಕೊಟ್ಟಿದೆ ಎಂದೂ ಬರೆದಿತ್ತು. ಆಗ ನನಗೆ ಒಂಬತ್ತೂ ಹದಿನಾರೂ ಒಟ್ಟಿಗೆ ನೆನಪಾದವು. ಮೈಯೆಲ್ಲ ಉರಿದುಹೋಯಿತು.

ಚಿನ್ನಸ್ವಾಮಿಯನ್ನು ಎಳೆದುಕೊಂಡು ಸಿದ್ದಮಲ್ಲಪ್ಪನ ಜಗಲಿಗೆ ಹೋದೆ. ಅವನು ಕೂತಲ್ಲಿಂದ ಏಳಲಿಲ್ಲ.

"ಪತ್ರ ಬರ್ದವ್ರು ನೀವೇ ಅಲ್ವಾ ಅಯ್ನೋರ? ಒಂಬತ್ತು ಮೊಳ ಮಾರಿವ್ನಿ, ಒಂಬತ್ತು ಮೊಳ ಅದ. ಮಿಕ್ಕಿದ್ದ ನಾನು ಮಾರೂ ಇಲ್ಲ, ಅವ ಕೊಂಡೂ ಇಲ್ಲ."

"ಎರಡು ನೋಟೀಸು ಬಂದಿತ್ತಲ್ಲ, ಒಂದು ಮಾತು ಹೇಳಬಾರದಾಗಿತ್ತೇನಯ್ಯ? ನಿನ್ನ ಮನೆ ಕಾಯೋಗ!"

"ಅವ ಕೇಳ್ನಾ?" ಎಂದು ಎಲೆಗೆ ಸುಣ್ಣ ಸವರಿದ.

ಚಿನ್ನಸ್ವಾಮಿ ಮೆಟ್ಟಿಲ ಕೆಳಗೆ ನಿಂತು ಎಡ ಬಲ ತುಳಿಯುತ್ತಿದ್ದ.

ಅರ್ಜಿ ಬರೆದೆ. ಲೈಸೆನ್ಸು ಕೊಡಿ ಎಂದು ಒಂದು, ಮುದ್ದತು ಕೊಡಿ ಎಂದು ಇನ್ನೊಂದು. ಬೋರ್ಡಿನ ಇನ್‌ಸ್ಪೆಕ್ಟರು ಕೆಟ್ಟವನೇನಲ್ಲ. ಕೂರಿಸಿ ಹೇಳಿದ: "ಓಣಿ ಊರೋರ ಸೊತ್ತು. ಅದ್ರ ಮೇಲೆ ಮನೆಗೆ ಲೈಸೆನ್ಸು ಕೊಡೋಕೆ ನನ್ಗೆ ಅಧಿಕಾರಮೇ ಇಲ್ಲ ಅಯ್ಯಾ." ಮಾರಿಬಿಡೋಣವೆಂದರೆ ಗೋಡೆಗೆ ನೋಟೀಸು ಅಂಟಿಸಿದ ಮನೆಯನ್ನು ಯಾವ ಮೂಳ ಕೊಳ್ಳುತ್ತಾನೆ? ಮಾಂಬಳ್ಳಿಗೆ ಹಿಂದಿರುಗೋಣವೆಂದರೆ ಪಾಲು ಹೋಯಿತು. ಕೆಡವಿದರೆ ಒಂಬತ್ತು ಮೊಳದಲ್ಲಿ ಮಗ್ಗ ಹಿಡಿಯುವುದಿಲ್ಲ. ಮಗ್ಗದ ಮೇಲೆ ಧಾರೆ ಸೀರೆಯೊಂದು ಅರ್ಧ ನೇಯ್ದು ನಿಂತಿತ್ತು. ಅತ್ತ ದರಿ, ಇತ್ತ ಪುಲಿ.

ಹನ್ನೊಂದನೆಯ ದಿನ ಮತ್ತೆ ಬಂದ. ಆವತ್ತು ಬೆಳಿಗ್ಗೆಯಿಂದ ನನಗೆ ತಲೆ ಕೆಟ್ಟಿತ್ತು. ಬಿಸಿಲು, ಸಿಡುಕು, ಅವನದು ಅದೇ ಮಾತು: "ಏನಾರ ಒಂದ್ ದಾರಿ ಏಳಿ ಅಯ್ನೋರ." ನಾನು ಲೇಖನಿ ಎಸೆದು ಕೂಗಿದೆ: "ದಾರಿಯಂತೆ ದಾರಿ! ಹೋಗು, ಆ ಗೋಡೆಗೊಂದು ಕಲ್ಲು ಒರಗಿಸಿ ವಿಭೂತಿ ಬಳಿದು ಮಾದಪ್ಪ ಅನ್ನು. ಆಮೇಲೆ ಯಾವ ಗಂಡಸು ಬಂದು ಕೆಡವುತ್ತಾನೋ ನೋಡೋಣ!"

ಕೋಪದಲ್ಲಿ ಆಡಿದ ಮಾತು. ನಾಯಿಗೂ ಗೊತ್ತಾಗುತ್ತದೆ ಅದು ಕೋಪದ್ದೆಂದು. ಆದರೆ ಹುಟ್ಟಿನಿಂದ ನಾನು ಜಂಗಮ, ನಮ್ಮ ಕಡೆ ಅಯ್ಯನವರ ಬಾಯಿಂದ ಬಂದದ್ದೆಲ್ಲ ಅಪ್ಪಣೆ. ಅವನು ಅಲ್ಲೇ ಮಣ್ಣಿನಲ್ಲಿ ನನ್ನ ಪಾದಕ್ಕೆ ಅಡ್ಡಬಿದ್ದು ಎದ್ದು ಹೋದ. ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಪೀಡೆ ತೊಲಗಿತೆಂದು ಇನ್ನೊಬ್ಬನ ಅರ್ಜಿ ಕೈಗೆತ್ತಿಕೊಂಡೆ.

ಆ ಪುಣ್ಯಾತ್ಮ ಹನೂರಿನ ದಾರಿ ಹಿಡಿದು ನಡೆದೇ ಹೋಗಿದ್ದಾನೆ. ಮಾದೇಶ್ವರ ಬೆಟ್ಟದ ಬುಡ, ತಾಳಬೆಟ್ಟದ ಹಳ್ಳದಿಂದ ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ತಲೆಯ ಮೇಲೆ ಹೊತ್ತು, ದಾರಿಯಲ್ಲಿ ಎಲ್ಲೂ ಕೆಳಗಿಳಿಸದೆ ತಂದಿದ್ದಾನೆ. ಹದಿನಾಲ್ಕನೆಯ ದಿನ ಮೂಡಣ ಗೋಡೆಗೆ ಒರಗಿಸಿದ. ರಾಮಮ್ಮ ಬಿಗಿದು ಕಟ್ಟಿದ ಹಾಸಿನ ಕೆಳಗೆ ನುಸುಳಿ ಹೋಗಿ ವಿಭೂತಿ ಬಳಿದು ಧೂಪ ಹಾಕಿದಳು.

ಹದಿನಾರನೆಯ ದಿನ ಇನ್‌ಸ್ಪೆಕ್ಟರು ನಾಲ್ಕು ಆಳು, ನಾಲ್ಕು ಹಾರೆ ತಂದ. ಆಳುಗಳು ಒಳಗೆ ಬಂದರು, ಧೂಪದ ಹೊಗೆ ನೋಡಿದರು, ಕಲ್ಲು ನೋಡಿದರು. ಹಾರೆ ಕೆಳಗಿಟ್ಟು ಕೈಮುಗಿದರು. "ಉಘೇ ಮಾದಪ್ಪಾ!" ಎಂದ ಒಬ್ಬ. ಇನ್‌ಸ್ಪೆಕ್ಟರು ಹಣೆ ಚಚ್ಚಿಕೊಂಡ, ಚಪ್ಪಲಿಯನ್ನೂ ಬಿಟ್ಟ, ಹೊರಗೆ ಬಂದು ಏನೋ ಬರೆದುಕೊಂಡು ಹೋದ. ಬೀದಿಗೆ ಬೀದಿಯೇ ಕೇಕೆ ಹಾಕಿತು. ಚಿನ್ನಸ್ವಾಮಿ ಓಡಿಬಂದು ನನಗೆ ಬಾಳೆಹಣ್ಣು ಕೊಟ್ಟ. ನಿಜ ಹೇಳುತ್ತೇನೆ, ನನಗೂ ಹೆಮ್ಮೆಯಾಯಿತು. ಹಣ್ಣು ಸುಲಿದು ತಿಂದೆ.

ಮುಂದಿನ ಸೋಮವಾರ ಬೀದಿಯ ಹೆಂಗಸರು ಕಾಯಿ ಒಡೆಸಲು ಬಂದರು. ಒಬ್ಬೊಬ್ಬರೂ ಹಾಸಿನ ಕೆಳಗೆ ಬಗ್ಗಿ ನುಸುಳಬೇಕು. ದೊಡ್ಡಬಸಮ್ಮನ ತುರುಬು ರೇಷ್ಮೆ ಎಳೆಗೆ ಸಿಕ್ಕಿಕೊಂಡು ಹತ್ತು ಎಳೆ ಹರಿಯಿತು. ಅದರ ಮುಂದಿನ ಸೋಮವಾರ ಬೀದಿಯ ಯಜಮಾನ ಕೆಂಪನಂಜಪ್ಪ ಬಂದ. ಮಗ್ಗ ನೋಡಿದ, ಕುಣಿ ನೋಡಿದ, ಕಲ್ಲು ನೋಡಿದ.

"ಲೇ ಚಿನ್ಸಾಮಿ, ಮಾದಪ್ಪನ ಕಡೀಕ ಕಾಲ್ ಚಾಚ್ಕಂಡು ತುಳೀತಿದ್ದೀಯಲ್ಲ, ಏನ್ಲಾ ಇದು?"

"ಮಗ್ಗ ತಿರುಗಿಸ್ತೀನಿ ಕಣ್ರಿ ಯಜಮಾನ್ರ."

"ತಿರುಗಿಸಿ ಅವನ್ಗ ಬೆನ್ ಆಕ್ತೀಯಾ?"

ಕಾಲು ಚಾಚಿದರೆ ಅಪಚಾರ, ಬೆನ್ನು ಹಾಕಿದರೆ ಅದಕ್ಕಿಂತ ಅಪಚಾರ. ಕಲ್ಲನ್ನು ಪಕ್ಕಕ್ಕೆ ಸರಿಸುತ್ತೇನೆ ಎಂದ. ಧೂಪ ಕಂಡ ಕಲ್ಲನ್ನು ಕದಲಿಸುವುದುಂಟೇ ಎಂದು ಎಲ್ಲರೂ ಬಾಯಿ ಬಡಿದುಕೊಂಡರು. ಸರಿಸಿದ್ದರೂ ಮಾರನೆಯ ದಿನ ಇನ್‌ಸ್ಪೆಕ್ಟರು ಬರುತ್ತಿದ್ದನಲ್ಲ, ಆ ಹೆದರಿಕೆ ಬೇರೆ.

ಅಮಾವಾಸ್ಯೆ ಹತ್ತಿರವಾಯಿತು. ಯಳಂದೂರು ಕಡೆಯಿಂದ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರಿಗೆ ದಾರಿಯಲ್ಲೊಂದು ಮಾದಪ್ಪನ ಗುಡಿಯಾಗಿದೆ ಎಂಬ ಸುದ್ದಿ ಮುಟ್ಟಿತು. ಅಷ್ಟು ಜನ ಅವನ ಹಾಸಿನ ಕೆಳಗೆ ನುಸುಳಿ ಹೋಗುವುದು ಹೇಗೆ? ಕೆಂಪನಂಜಪ್ಪ ಆಳು ಕರೆಸಿ ಮೂಡಣ ಗೋಡೆಯನ್ನು ಕಲ್ಲಿನ ಪಕ್ಕದಲ್ಲಿ ಒಡೆಸಿ ಓಣಿಯ ಕಡೆಗೆ ಬಾಗಿಲು ಇಡಿಸಿದ. ಅವೇ ನಾಲ್ಕು ಆಳು, ಅವೇ ನಾಲ್ಕು ಹಾರೆ. ಬೋರ್ಡು ಕೆಡವಲಾಗದ ಗೋಡೆಯನ್ನು ಭಕ್ತರು ಕೆಡವಿದರು. ಯಾರೂ ಯಾರ ಲೈಸೆನ್ಸೂ ಕೇಳಲಿಲ್ಲ.

ಗೋಡೆ ಒಡೆಯುವುದರ ಹಿಂದಿನ ದಿನ ಜಾಗ ಬಿಡಲು ಚಿನ್ನಸ್ವಾಮಿ ಹಾಸನ್ನು ಬಿಚ್ಚಬೇಕಾಯಿತು. ಅರ್ಧ ನೇಯ್ದ ಸೀರೆಯ ಹಾಸನ್ನು ಕತ್ತರಿಸಬಾರದು, ಮನೆಗಾಗದು ಎನ್ನುತ್ತಾರೆ ನೇಕಾರರು. ಅವನ ಕೈಯಿಂದ ಆಗಲಿಲ್ಲ. ರಾಮಮ್ಮ ಕತ್ತರಿ ತೆಗೆದುಕೊಂಡಳು. "ನೀವು ಆಚ್ಗ ಓಗಿ" ಎಂದಳಂತೆ. ಅವನು ಬೀದಿಗೆ ಬಂದು ಜಗಲಿಯ ಮೇಲೆ ಕೂತ. ನಾನು ಅದೇ ದಾರಿಯಲ್ಲಿ ಬರುತ್ತಿದ್ದವನು ಅವನನ್ನು ಕಂಡು ಪಕ್ಕದ ಓಣಿಗೆ ತಿರುಗಿಕೊಂಡೆ. ನಾಚಿಕೆಗೇಡಿ ನಾನು.

ಆಮೇಲೆ ಮಗ್ಗವನ್ನೂ ಬಿಚ್ಚಿಟ್ಟು ಬೇರೆಯವರ ಮಗ್ಗಕ್ಕೆ ಕೂಲಿಗೆ ಹೋದ. ಅಲ್ಲೂ ನಿಲ್ಲಗೊಡಲಿಲ್ಲ. ಪರಸೆಯವರು ಬಂದರೆ ಬಾಗಿಲು ತೆಗೆಯಬೇಕು, ದೀಪ ಹಚ್ಚಬೇಕು, ವಿಭೂತಿ ಕೊಡಬೇಕು. ತಂದು ಇಟ್ಟವನು ಅವನೇ, ಅವನಲ್ಲದೆ ಇನ್ಯಾರು? ನಡುವೆ ನಡುವೆ ಎದ್ದು ಓಡುವ ಕೂಲಿಯವನನ್ನು ಯಾವ ಮಗ್ಗದವನು ಇಟ್ಟುಕೊಳ್ಳುತ್ತಾನೆ? ಹುಂಡಿ ಒಂದು ಇಟ್ಟರು. ಅದರ ಬೀಗದ ಕೈ ಕೆಂಪನಂಜಪ್ಪನ ಉಡಿದಾರದಲ್ಲಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೇ ಗಂಜಿಗಿಲ್ಲ. ರಾಮಮ್ಮ ಮನೆಮನೆಯ ನೂಲು ಸುತ್ತಿ ಒಲೆ ಹಚ್ಚುತ್ತಾಳೆ.

ಮೊನ್ನೆ ಕಾರ್ತಿಕದಲ್ಲಿ ಮನಸ್ಸು ತಡೆಯದೆ ಹೋದೆ. ಬೀದಿಯ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಪಡಸಾಲೆ ಕತ್ತಲು. ಮಧ್ಯಕ್ಕೆ ಗೋಣಿತಟ್ಟು ಇಳಿಬಿಟ್ಟಿದ್ದರು, ಆಚೆ ಗುಡಿ. ಈಚೆ, ಮಗ್ಗವಿಲ್ಲದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಚಿನ್ನಸ್ವಾಮಿ ಕೂತಿದ್ದ. ಕಾಲು ಆಡುತ್ತಿರಲಿಲ್ಲ.

"ಬನ್ನಿ ಅಯ್ನೋರ. ನಾನೇ ಬರವ ಅಂತಿದ್ದಿ. ಒಂದ್ ಅರ್ಜಿ ಬರ್ಕೊಡಿ."

"ಯಾರಿಗಯ್ಯ?"

"ಬೋರ್ಡ್ಗ. ನನ್ನ ಮನೇಲಿ ಲೈಸನ್ ಇಲ್ದೆ ಕಟ್ಟಿರೋ ಏಳ್ ಮೊಳ ಅದ, ದಯಮಾಡಿ ಬಂದು ಕೆಡವ್ಬುಡಿ ಸಾ ಅಂತ ಬರೀರಿ. ಒಂಬತ್ತು ಮೊಳದಲ್ಲಿ ಚೋಟುದ್ದದ ಮಗ್ಗ ಆಕ್ಕಂಡು ಟವಲ್ಲಾರ ನೇಯ್ತೀನಿ."

ಕೆಡವುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್‌ಸ್ಪೆಕ್ಟರು ಆ ದಿನ ಬರೆದುಕೊಂಡು ಹೋದ ಕಾಗದವನ್ನು ಆಮೇಲೆ ಕಚೇರಿಯಲ್ಲಿ ನೋಡಿದ್ದೆ: ಸಾರ್ವಜನಿಕರ ಪೂಜಾಸ್ಥಳ, ಕ್ರಮ ಕೈಬಿಡಲಾಗಿದೆ. ಅದನ್ನು ಅವನ ಮುಖ ನೋಡಿಕೊಂಡು ಹೇಳುವ ಧೈರ್ಯ ಬರಲಿಲ್ಲ. ಕಾಗದ ತೆಗೆದು ಬರೆದೆ. ಮೂವತ್ತು ವರ್ಷದಲ್ಲಿ ಅಂಥ ಅರ್ಜಿ ಬರೆದವನಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಲು ಕೈ ಚಾಚು ಎಂದೆ. ಚಾಚಿದ. ಹೆಬ್ಬೆರಳ ತುಂಬ ವಿಭೂತಿ ಮೆತ್ತಿತ್ತು. ಮಸಿ ಹತ್ತಲೇ ಇಲ್ಲ, ಒತ್ತಿದರೆ ಕಾಗದಕ್ಕೆ ವಿಭೂತಿಯಷ್ಟೇ ಅಂಟಿತು.

"ಕೈ ತೊಳ್ಕೊಂಡು ಬಾರಯ್ಯ" ಎಂದೆ.

ಕುಣಿಯಿಂದ ಎದ್ದ. ಅಷ್ಟರಲ್ಲಿ ಓಣಿಯ ಕಡೆಯ ಬಾಗಿಲು ಬಡಿದ ಸದ್ದು. ಬೆಟ್ಟಕ್ಕೆ ಹೊರಟವರು, ಇಪ್ಪತ್ತು ಮೂವತ್ತು ಜನ. "ಉಘೇ ಉಘೇ! ಪೂಜಾರಪ್ಪಾ, ಬಾಗ್ಲು ತಗಿ!"

ಚಿನ್ನಸ್ವಾಮಿ ನನ್ನ ಕೈಯಲ್ಲಿದ್ದ ಕಾಗದ ನೋಡಿದ, ಬಾಗಿಲ ಕಡೆ ನೋಡಿದ. "ಬಂದೆ" ಎಂದ. ನನಗೆ ಹೇಳಿದನೋ ಅವರಿಗೆ ಹೇಳಿದನೋ ತಿಳಿಯಲಿಲ್ಲ. ಗೋಣಿತಟ್ಟು ಎತ್ತಿ ಆಚೆಗೆ ಹೋದ. ಬಾಗಿಲು ತೆಗೆದ ಸದ್ದು ಕೇಳಿಸಿತು, ಆಮೇಲೆ ಗಂಟೆ. ದೀಪ ಆರುವವರೆಗೆ ಕೂತಿದ್ದೆ, ಅವನು ಈಚೆಗೆ ಬರಲಿಲ್ಲ. ಅರ್ಜಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಹೆಬ್ಬೆಟ್ಟಿನ ಜಾಗದಲ್ಲಿ ವಿಭೂತಿಯ ಬಿಳಿ ಗುರುತು ಮಾತ್ರ ಇದೆ.