ಅಕ್ಕೋರು ಅಂಕೋಲೆಗೆ ಒಬ್ಬರೇ ಹೋದ ದಿನ

ಮೊನ್ನೆ ಹೊಲಿಗೆ ಯಂತ್ರ ಕಿರಗುಟ್ಟತೊಡಗಿತು. ಕಪಾಟಿನ ಕೆಳಗಿನ ಖಾನೆಯಿಂದ ಎಣ್ಣೆಯ ಪುಟ್ಟ ಡಬ್ಬಿ ತೆಗೆದೆ. ಉದ್ದ ಕೊಕ್ಕಿನ, ಬೆರಳಿನಿಂದ ಅದುಮಿದರೆ ಒಂದೇ ಹನಿ ಬೀಳುವ ಡಬ್ಬಿ. ಆ ಎಣ್ಣೆಗೆ ವಾಸನೆಯೇ ಇಲ್ಲ ಎನ್ನುತ್ತಾರೆ ನಮ್ಮನೆಯವರು. ನನಗೆ ಮಾತ್ರ ಬರುತ್ತದೆ. ತಣ್ಣಗಿನ ಕಬ್ಬಿಣದ ವಾಸನೆ, ಅದರ ಹಿಂದೆ ಚೂರು ಸೀಮೆಎಣ್ಣೆಯದು... ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಕುಳಿತುಬಿಟ್ಟೆ. ಪಕ್ಕದ ಮನೆಯ ಅಕ್ಕೋರು ನೆನಪಾದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಎಲ್ಲರೂ ಅಕ್ಕೋರು ಎಂದೇ ಕರೆಯುವುದು. ಇವರು ಕಾರವಾರದ ಕನ್ನಡ ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿ ನಿವೃತ್ತರಾದವರು. ಅವರು ಅಕ್ಕ ಆದ ಮೇಲೆ ಅವರ ಗಂಡ ನನಗೆ ಭಾವ. ಭಾವನಿಗೆ ಎಡಗಿವಿ ಪೂರ್ತಿ ಕೇಳುತ್ತಿರಲಿಲ್ಲ, ಬಲಗಿವಿ ಅರ್ಧ. ಮಕ್ಕಳಿರಲಿಲ್ಲ. ಎರಡು ಸೈಕಲ್ಲುಗಳಿದ್ದವು. ಸಂಜೆಯಾದರೆ ಇಬ್ಬರೂ ಹೊರಡುತ್ತಿದ್ದರು. ಭಾವ ಮುಂದೆ, ಒಂದು ಮಾರು ಹಿಂದೆ ಅಕ್ಕೋರು. ಹಿಂದಿನಿಂದ ಲಾರಿ ಬಂದರೆ ಅಕ್ಕೋರು ಎರಡು ಸಲ ಜೋರಾಗಿ ಕೂಗುತ್ತಿದ್ದರು. ರಸ್ತೆಯಲ್ಲಿ ಹೊಂಡ ಬಂದರೆ ಭಾವ ಎಡಗೈ ಎತ್ತುತ್ತಿದ್ದರು. ಅಕ್ಕೋರು ರಸ್ತೆಯನ್ನು ನೋಡಿದ್ದೇ ಇಲ್ಲ, ನೋಡುತ್ತಿದ್ದುದು ಗಂಡನ ಬೆನ್ನು. ಅವರಿಗೆ ಕಿವಿ ಇವರು, ಇವರಿಗೆ ಕಣ್ಣು ಅವರು.

ಎರಡು ಸಾವಿರದ ಐದೋ ಆರೋ ಇರಬೇಕು. ರಾಜಸ್ಥಾನದ ಮರುಭೂಮಿಯಲ್ಲಿ ಎಂಟು ದಿನದ ಸೈಕಲ್ ಪ್ರವಾಸಕ್ಕೆ ಹೋಗುವ ಆಸೆ ಅಕ್ಕೋರಿಗೆ ಹುಟ್ಟಿತು. ಕೇಳಿದವರೆಲ್ಲ ನಕ್ಕರು. ಅಕ್ಕೋರ ಕಾರಣ ಅವರದು. "ಮೂವತ್ತೈದು ವರ್ಷ ಬೋರ್ಡಿನ ಮೇಲೆ ಒಂಟೆ ಬಿಡಿಸಿದ್ದೆ ತಂಗಿ. ಗೂನು ಖರೇ ಎಲ್ಲಿ ಬತ್ತದೆ ಅಂತ ನಂಗೇ ಗೊತ್ತಿಲ್ಲ. ಒಂದ್ಸಲ ನೋಡ್ಬೇಕಲ್ಲ."

ಪ್ರವಾಸದವರ ಕಾಗದ ಇಂಗ್ಲಿಷಿನಲ್ಲಿ ಬಂತು. ಕಾನ್ವೆಂಟಿನಲ್ಲಿ ಕಲಿತವಳೆಂದು ನಮ್ಮ ಓಣಿಯ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಕೈಗೇ ಬರುತ್ತಿದ್ದವು. ಅವರ ಜಗುಲಿಯಲ್ಲಿ ಕುಳಿತು ಓದಿ ಹೇಳಿದೆ. ಅರ್ಜಿ ಹಾಕಿದವರು ಒಂದೇ ಹಗಲಿನಲ್ಲಿ ಎಪ್ಪತ್ತು ಕಿಲೋಮೀಟರು ತುಳಿದು ತೋರಿಸಬೇಕು. ಒಬ್ಬೊಬ್ಬರೇ ತುಳಿಯಬೇಕು, ಇನ್ನೊಬ್ಬರ ಬೆನ್ನ ಹಿಂದೆ ಹೋಗಬಾರದು. ಮನೆಯವರಲ್ಲದ ಒಬ್ಬರು ಅದಕ್ಕೆ ಸಾಕ್ಷಿ ಸಹಿ ಹಾಕಬೇಕು. ಕೊನೆಯ ಸಾಲನ್ನು ನಾನು ಎರಡು ಸಲ ಓದಿಕೊಂಡೆ. ಅಲ್ಲಿ ಗಂಡ ಹೆಂಡತಿಯರನ್ನು ಬೇರೆ ಬೇರೆ ತಂಡಕ್ಕೆ ಹಾಕುತ್ತಾರಂತೆ.

"ಬೇರೆ ಬೇರೆಯಾ?" ಎಂದರು ಅಕ್ಕೋರು. ಮುಖ ಸಣ್ಣದಾಯಿತು.

"ಎಂತದು?" ಎಂದರು ಭಾವ.

"ಬೇರೆ ಬೇರೆ!" ಅಕ್ಕೋರು ಬಲಗಿವಿಗೆ ಕೂಗಿದರು.

"ಅದೆಲ್ಲ ಬರ್ದದ್ದು ಅಷ್ಟೇ ಮಾರಾಯ್ತಿ. ನಾವು ಒಟ್ಟಿಗೇ ಹೋಗಿ ಬರುವ. ಒಬ್ಬೊಬ್ರೇ ಹೋದ್ರು ಅಂತ ತಂಗಿ ಸಹಿ ಹಾಕ್ತದೆ. ನೋಡ್ಲಿಕ್ಕೆ ಯಾರು ಬತ್ರು?"

ಅಕ್ಕೋರು ಎದ್ದು ನಿಂತರು. "ಮಕ್ಕಳ ಕಾಪಿ ಹಿಡಿದವಳು ನಾನು. ಈಗ ನಿಮ್ಮ ಬೆನ್ನು ನೋಡಿ ನಾನೇ ಕಾಪಿ ಹೊಡೀಲಾ?"

ಅಲ್ಲಿಗೆ ಆ ಮಾತು ಮುಗಿಯಿತು. ಭಾವನ ಅಕ್ಕನ ಮನೆ ಅಂಕೋಲೆಯಲ್ಲಿತ್ತು. ಶನಿವಾರ ಭಾವ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಅಲ್ಲಿಗೆ ಹೋಗುವುದು. ಆಯ್ತವಾರ ಬೆಳಿಗ್ಗೆ ಆರಕ್ಕೆ ಅವರು ಅಂಕೋಲೆಯಿಂದ, ಇವರು ಕಾರವಾರದಿಂದ ಹೊರಡುವುದು. ಇಬ್ಬರೂ ಆ ಕೊನೆ ಮುಟ್ಟಿ ಹೊರಟ ಮನೆಗೆ ತಿರುಗಿ ಬಂದರೆ ಎಪ್ಪತ್ತು ಕಿಲೋಮೀಟರು. ದಾರಿಯಲ್ಲಿ ಎರಡು ಸಲ ಎದುರಾಗುತ್ತಾರೆ. ಆಗ ನಿಲ್ಲಬಾರದು, ಬೆಲ್ಲು ಹೊಡೆದು ಮುಂದೆ ಹೋಗಬೇಕು. ಇದನ್ನೆಲ್ಲ ಅಕ್ಕೋರು ವೇಳಾಪಟ್ಟಿಯ ಹಾಗೆ ಗೀಟು ಹಾಕಿ ಬರೆದಿಟ್ಟರು.

ಅದಕ್ಕೆ ಮೊದಲು ಎರಡು ತಿಂಗಳು ಇಬ್ಬರೂ ಸಮುದ್ರದ ದಂಡೆಯಲ್ಲಿ ಅಭ್ಯಾಸ ಮಾಡಿದ್ದರು. ಮರುಭೂಮಿ ಎಂದರೆ ಹೊಯ್ಗೆ, ಹೊಯ್ಗೆಗೆ ನಮ್ಮಲ್ಲಿ ಎಂತ ಕೊರತೆ ಎಂಬುದು ಅವರ ಲೆಕ್ಕ. ಬೆಳಿಗ್ಗೆ ನೀರು ಇಳಿದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ತುಳಿಯುತ್ತಿದ್ದರು. ಬಲೆ ಎಳೆಯುವವರು "ಅಕ್ಕೋರೇ, ಒಂಟೆ ಸಿಕ್ತಾ?" ಎಂದು ಕೇಳುತ್ತಿದ್ದರು. "ಸಿಕ್ಲಿಲ್ಲ, ನಿಮ್ಮ ಬಲೆಗೆ ಬಿದ್ರೆ ಕೊಡಿ," ಎಂದು ಇವರು ಹೇಳುತ್ತಿದ್ದರು. ನಗುವುದರಲ್ಲೇ ಎಲ್ಲರೂ ಒಂದು ವಿಷಯ ಮರೆತೆವು. ವರ್ಷ ವರ್ಷ ಕಿಟಕಿಯ ಸರಳು ತುಕ್ಕು ಹಿಡಿಯುವುದನ್ನು ನೋಡಿಕೊಂಡೇ ಬದುಕುವ ಜನ ನಾವು. ಉಪ್ಪುನೀರು ಸೈಕಲ್ಲಿನ ಚೈನನ್ನೂ ತಿನ್ನುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ಸಂಜೆ ಚೈನು ಕಟಕಟ ಎನ್ನುತ್ತಿದೆಯೆಂದು ಅಕ್ಕೋರು ಬಂದರು. ನಾನು ಆಗಷ್ಟೇ ಅವರ ಚೂಡಿದಾರಿಗೆ ಗುಂಡಿ ಹಾಕಿ ಮುಗಿಸಿದ್ದೆ. ಅಷ್ಟು ವರ್ಷ ಸೀರೆಯಲ್ಲೇ ಸೈಕಲ್ಲು ತುಳಿದವರಿಗೆ ಅದು ಮೊದಲ ಚೂಡಿದಾರು. ಬಟ್ಟೆ ಚೈನಿಗೆ ಸಿಕ್ಕಬಾರದೆಂದು ಕಾಲಿನ ತುದಿಯನ್ನು ಬಿಗಿ ಮಾಡಿ ಮೂರು ಮೂರು ಗುಂಡಿ ಇಟ್ಟಿದ್ದೆ. ಬಟ್ಟೆಯ ಜೊತೆಗೆ ಈ ಎಣ್ಣೆಯ ಡಬ್ಬಿಯನ್ನೂ ಕೊಟ್ಟೆ. "ಹೊಲಿಗೆ ಮಷಿನ್ನಿಗೆ ಆಗೋದು ಸೈಕಲ್ಲಿಗೆ ಆಗ್ದೇ ಇರ್ತದಾ ಅಕ್ಕೋರೇ?" ಎಂದೆ. ತೆಳ್ಳಗಿನ ಎಣ್ಣೆ ತುಕ್ಕಿಗೆ ಸಾಲದು ಎಂಬ ಬುದ್ಧಿ ನನಗೆಲ್ಲಿತ್ತು...

ಆಯ್ತವಾರ ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗಲೇ ಅಕ್ಕೋರು ಗೇಟಿನ ಹತ್ತಿರ ನಿಂತಿದ್ದರು. ಡಿಸೆಂಬರಿನ ಸಣ್ಣ ಚಳಿ. ಬಿಳಿ ಕ್ಯಾನ್ವಾಸ್ ಬೂಟು, ಬುಟ್ಟಿಯಲ್ಲಿ ನೀರಿನ ಬಾಟಲಿ, ನಾಲ್ಕು ಬಾಳೆಹಣ್ಣು, ಮೊಣಕಾಲಿಗೆ ಹಚ್ಚಿಕೊಳ್ಳಲು ಕರ್ಪೂರ ಕಾಯಿಸಿದ ತೆಂಗಿನೆಣ್ಣೆಯ ಶೀಶೆ. ಅವರ ಎದುರಿಗೆ ಬೆನ್ನೊಂದು ಇರಲಿಲ್ಲ. ಖಾಲಿ ರಸ್ತೆಯನ್ನು ಒಮ್ಮೆ ನೋಡಿದರು.

"ಹೆದ್ರಿಕೆ ಆಗ್ತದಾ ಅಕ್ಕೋರೇ?"

"ಆಗ್ತದೆ. ಬರ್ಕೋ ನೀನು, ಆರು ಗಂಟೆ," ಎಂದು ಪೆಡಲಿನ ಮೇಲೆ ಕಾಲಿಟ್ಟರು.

ಭಾವ ನಮ್ಮ ಗೇಟು ಮುಟ್ಟಿದಾಗ ಒಂಬತ್ತೂ ಕಾಲು. ನಾನು ಕೋಕಂ ಪಾನಕ ಮಾಡಿಟ್ಟಿದ್ದೆ. ಅವರು ಲೋಟ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ.

"ಅಮದಳ್ಳಿ ದಾಟಿ ಸ್ವಲ್ಪ ಈಚೆಗೆ ನಿಂತಿದಾಳೆ ತಂಗಿ. ಚೈನು ಬಿದ್ದು ಚಕ್ರಕ್ಕೂ ಕಂಬಿಗೂ ನಡುವೆ ಕಚ್ಕೊಂಡಿದೆ. ಕೈಯೆಲ್ಲ ಕಪ್ಪು. ನಾ ಇಳಿದೆ. ಅವಳು ಹೋಗಿ ಹೋಗಿ ಅಂತ ಕೈ ಮಾಡಿದ್ಳು. ಕೇಳುದಿಲ್ಲ ಅಂದೆ. ಬಾಯಿ ಇಷ್ಟು ದೊಡ್ಡ ಮಾಡಿ ಹೇಳಿದ್ಳು, ಅಲ್ಲಿ ಮರುಭೂಮೀಲಿ ನೀವು ಇರ್ತ್ರಾ, ನಡೀರಿ, ಅಂತ." ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನಾ ಬಂದ್ಬಿಟ್ಟೆ ತಂಗಿ. ಅದಿರಿನ ಲಾರಿ ಓಡೋ ರಸ್ತೆಯಲ್ಲಿ ಬಿಟ್ಟು ಬಂದ್ಬಿಟ್ಟೆ."

ಆಮೇಲೆ ನಮ್ಮನೆಯವರ ಕಡೆ ತಿರುಗಿ, ಸ್ಕೂಟರು ತೆಗೆಯುತ್ತೀರಾ, ಹೋಗಿ ಕರೆದುಕೊಂಡು ಬರುವ, ಎಂದರು. ಇವರು ಆಗಲೇ ಒಳಗೆ ಹೋಗಿ ಕೀಲಿಕೈ ತಂದಾಗಿತ್ತು.

ನಾನು ಹುಟ್ಟಿದಾಗಿನಿಂದ ಮೆತ್ತಗೆ ಮಾತಾಡಿದವಳು. ಗಂಡಸರು ನಿರ್ಧಾರ ಮಾಡುವಾಗ ನಡುವೆ ಬಾಯಿ ಹಾಕಿದವಳಲ್ಲ. ಅವತ್ತು "ಬೇಡ" ಎಂದೆ. ಭಾವನಿಗೆ ಕೇಳಲಿಲ್ಲ. ಮತ್ತೊಮ್ಮೆ ಎಂದೆ, ಕೇಳಲಿಲ್ಲ. ಅವರಿಗೆ ಮೆತ್ತಗೆ ಹೇಳುವ ದಾರಿಯೇ ಇರಲಿಲ್ಲವಲ್ಲ.

"ಬೇಡ ಭಾವ! ಅಕ್ಕೋರು ಬೇಡ ಅಂದಿದ್ದಾರೆ! ನೀವು ಈಗ ಹೋದ್ರೆ ಅವರು ಮತ್ತೆ ಸೈಕಲ್ಲು ಮುಟ್ಟುದಿಲ್ಲ!"

ಎದುರು ಮನೆಯ ಕಿಟಕಿ ತೆರೆಯಿತು. ನಮ್ಮನೆಯವರು ಕೀಲಿಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಭಾವ ನನ್ನನ್ನೇ ನೋಡಿದರು. ಪಾನಕವನ್ನು ಒಂದೇ ಗುಟುಕಿಗೆ ಕುಡಿದರು. ಸೈಕಲ್ಲು ತಿರುಗಿಸಿಕೊಂಡು ಹೊರಟೇಹೋದರು.

ಹೇಳಿದ್ದೇನೋ ಹೇಳಿದೆ. ಆಮೇಲಿನ ನಾಲ್ಕು ತಾಸು ನಾನು ಅನುಭವಿಸಿದ್ದು ನನಗೇ ಗೊತ್ತು. ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದೆ. ಬಿಣಗಾದ ಏರು, ಅರ್ಗಾದ ನೌಕಾನೆಲೆಯ ಉದ್ದದ ಗೋಡೆ, ಅದರ ಪಕ್ಕದಲ್ಲೇ ಸರಿದುಹೋಗುವ ಲಾರಿಗಳು, ಇವೇ ಕಣ್ಣ ಮುಂದೆ. ನನ್ನ ಒಂದು ಹಟದಿಂದ ಏನಾದರೂ ಆಗಿಬಿಟ್ಟರೆ... ಅಕ್ಕೋರು ಕ್ಯಾರಿಯರಿಗೆ ಕಟ್ಟಿಕೊಂಡಿದ್ದ ಗಾಳಿ ಪಂಪು ಸಡಿಲಾಗಿತ್ತೇನೋ ಎಂದು ಸುಮ್ಮಸುಮ್ಮನೆ ಹೊಸ ಹೆದರಿಕೆ ಬೇರೆ ಹುಟ್ಟುತ್ತಿತ್ತು.

ಒಂದೂವರೆಗೆ ಫೋನು ಬಂತು. ಅಂಕೋಲೆಯಿಂದ ಭಾವನ ಅಕ್ಕ. "ತಮ್ಮ ಬಂದ ನೋಡು ಈಗ. ಅವರ್ಸೆ ಹತ್ರ ಅವಳು ಎದುರಿಗೆ ಬಂದ್ಳಂತೆ. ಇಲ್ಲಿ ಮುಟ್ಟಿ ತಿರುಗಿ ಹೊರಟಾಗಿತ್ತಲ್ಲ! ನಿಲ್ಲಲೇ ಇಲ್ಲಂತೆ, ಬೆಲ್ಲು ಹೊಡದ್ಳಂತೆ!"

ಹಿಂದಿನಿಂದ ಭಾವನ ದನಿ ಕೇಳಿತು. "ಬೆಲ್ಲು ಕೇಳ್ಲಿಲ್ಲ, ಹೆಬ್ಬೆಟ್ಟು ಕಂಡ್ತು ಅಂತ ಹೇಳು!"

ರಿಸೀವರು ಇಟ್ಟು, ಎರಡು ಸಲ ಉಪ್ಪು ಬಿದ್ದ ಅನ್ನವನ್ನೇ ಬಡಿಸಿಕೊಂಡೆ.

ನಾಲ್ಕೂ ಇಪ್ಪತ್ತಕ್ಕೆ ಅಕ್ಕೋರು ಬಂದರು. ಮೊಣಕೈವರೆಗೆ ಕಪ್ಪು, ಹಣೆಯ ಮೇಲೂ ಒಂದು ಗೀಟು. ಚೂಡಿದಾರಿನ ಒಂದು ಗುಂಡಿ ಹೋಗಿತ್ತು. ಸೈಕಲ್ಲಿನಿಂದ ಕರ್ಪೂರದ ಘಮ ಬರುತ್ತಿತ್ತು. ಅವರನ್ನು ನಮ್ಮ ಬಚ್ಚಲಿಗೆ ಕರೆದುಕೊಂಡು ಹೋಗಿ ಸೋಪಿನಪುಡಿ ಹಾಕಿ ಕೈ ತಿಕ್ಕಿಕೊಟ್ಟೆ. ತಿಕ್ಕಿಸಿಕೊಳ್ಳುತ್ತ ಕತೆ ಹೇಳಿದರು. ಭಾವ ಹೋದ ಮೇಲೆ ಬುಟ್ಟಿ ಹೊತ್ತ ಕೊಂಕಣಿ ಮೀನಿನ ಹೆಂಗಸೊಬ್ಬಳು ಬಂದು ಏನಾಯಿತೆಂದು ಕೇಳಿದಳಂತೆ.

"ಕಿತೆಂ ಗೋ ಬಾಯಿ, ಗಂಡ ಬಿಟ್ಟು ಓಡ್ದಾ?"

"ನಾನೇ ಓಡ್ಸಿದ್ದು."

"ಚಲೋ ಮಾಡ್ದೆ," ಎಂದು ಅವಳು ಬುಟ್ಟಿ ಇಳಿಸಿ ಸೈಕಲ್ಲನ್ನು ಎತ್ತಿ ಹಿಡಿದಳಂತೆ. ಅಕ್ಕೋರು ಬಿದಿರಿನ ತುಂಡೊಂದನ್ನು ಸಂದಿಗೆ ತೂರಿಸಿ, ಮೊಣಕಾಲಿನ ಎಣ್ಣೆಯನ್ನೆಲ್ಲ ಚೈನಿಗೆ ಸುರಿದು, ಒಂದೊಂದೇ ಕೊಂಡಿಯನ್ನು ಬೆರಳಿನಲ್ಲಿ ಬಾಗಿಸಿ ಬಾಗಿಸಿ ಸಡಿಲು ಮಾಡಿದರಂತೆ. ಒಂದೂವರೆ ತಾಸು ಹಿಡಿಯಿತು. "ನಿನ್ನ ಮಷಿನ್ ಎಣ್ಣೆ ಬರೀ ರವಿಕೆ ಹೊಲಿಲಿಕ್ಕೆ ಸೈ," ಎಂದು ಒದ್ದೆ ಕೈಯಿಂದ ನನ್ನ ಗಲ್ಲ ತಟ್ಟಿದರು.

ಎರಡೂ ಅರ್ಜಿಗಳಿಗೆ ನಾನು ಸಹಿ ಹಾಕಿದೆ. ಅಕ್ಕೋರದಕ್ಕೆ ಹಾಕುವಾಗ ಇದ್ದಷ್ಟು ಗೌರವದಿಂದ ನಾನು ಬೇರೆಲ್ಲೂ ನನ್ನ ಹೆಸರು ಬರೆದಿಲ್ಲ.

ಜನವರಿಯಲ್ಲಿ ಹೋದರು. ಭಾವನ ತಂಡ ಒಂದು ದಿನ ಮುಂದೆ, ಇವರದು ಹಿಂದೆ. ಜೈಸಲ್ಮೇರಿನಿಂದ ನನಗೊಂದು ಕಾರ್ಡು ಬಂತು. ದುಂಡು ದುಂಡಾದ ಶಾಲೆಯ ಅಕ್ಷರ. "ತಂಗಿ, ಒಂಟೆಯ ಗೂನು ನಾನು ಬಿಡಿಸುತ್ತಿದ್ದಲ್ಲಿ ಇಲ್ಲ, ಇನ್ನೂ ಹಿಂದೆ ಇದೆ. ಇಲ್ಲಿ ಸೈಕಲ್ಲು ಹೋಗುವುದು ಡಾಂಬರಿನ ಮೇಲೆ. ಹೊಯ್ಗೆಯಲ್ಲಿ ಅಷ್ಟು ಒದ್ದಾಡಿದ್ದು ದಂಡ."

ಅಕ್ಕೋರು ಹೋಗಿ ಈಗ ನಾಲ್ಕು ವರ್ಷ. ಕಾಯಿಲೆ ಗೊತ್ತಾದ ಮೇಲೆ ಮೂರೇ ತಿಂಗಳು. ಭಾವ ಅಂಕೋಲೆಯಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಫೋನು ಮಾಡಿ ಪ್ರಯೋಜನವಿಲ್ಲ, ಬಲಗಿವಿಯೂ ಮುಕ್ಕಾಲು ಹೋಗಿಬಿಟ್ಟಿದೆ. ಮೊನ್ನೆ ಡಬ್ಬಿ ಹಿಡಿದು ಕುಳಿತ ಮೇಲೆ ತಡೆಯಲಾಗದೆ ನಿನ್ನೆ ಬಸ್ಸು ಹತ್ತಿದೆ. ರಸ್ತೆ ಈಗ ನಾಲ್ಕು ಸಾಲಿನದು. ಅಮದಳ್ಳಿ ದಾಟಿದ್ದೂ ತಿಳಿಯಲಿಲ್ಲ.

ಭಾವ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಕಿವಿಯ ಯಂತ್ರ ಹಾಕಿಕೊಂಡಿರಲಿಲ್ಲ. "ಅದರಲ್ಲಿ ಲೋಕದ್ದೆಲ್ಲ ಕೇಳ್ತದೆ. ಬೇಕಾದ್ದು ಒಂದೇ ಕೇಳುದಿಲ್ಲ," ಎಂದರು. ಅದು ಇದು ಮಾತಾಡಿದೆವು, ಎಂದರೆ ಅವರು ಮಾತಾಡಿದರು, ನಾನು ತಲೆಯಾಡಿಸಿದೆ. ಚಾ ಕುಡಿದು ಏಳುವಾಗ ಅವರೇ ಆ ಮಾತು ತೆಗೆದರು.

"ತಂಗಿ, ಆ ದಿನ ನಾ ನಿಲ್ಬೇಕಿತ್ತು, ಅಲ್ಲ?"

ಇಷ್ಟು ವರ್ಷ ಅದನ್ನು ಹೊತ್ತುಕೊಂಡಿದ್ದರೇ... ಬಚ್ಚಲಿನಲ್ಲಿ ಅಕ್ಕೋರು ನನಗೊಬ್ಬಳಿಗೇ ಹೇಳಿದ್ದ ಮಾತನ್ನು ಅವರ ಕಿವಿಗೆ ಬಾಯಿಟ್ಟು ಕೂಗಿದೆ. "ನೀವು ನಿಂತಿದ್ರೆ ಬಸ್ಸು ಹತ್ತಿ ಮನೆಗೆ ಬಂದ್ಬಿಡ್ತಿದ್ದೆ ಅಂದಿದ್ರು ಭಾವ! ಅಳ್ಲಿಕ್ಕೇ ತಯಾರಾಗಿದ್ರಂತೆ. ನೀವು ತಿರುಗಿ ಸಹ ನೋಡದೆ ಹೋದ್ರಲ್ಲ, ಸಿಟ್ಟು ಬಂತಂತೆ. ಆ ಸಿಟ್ಟಿನಲ್ಲೇ ಚೈನು ಎಳೆದ್ರಂತೆ!"

ಭಾವ ನನ್ನ ಕಡೆಗೆ ಪೂರ್ತಿ ತಿರುಗಿ ಕುಳಿತರು.

"ತಿರುಗಿ ನೋಡ್ಲಿಲ್ಲ ಅಂತ ಹೇಳಿದ್ಳಾ?"

ಹೌದೆಂದು ತಲೆಯಾಡಿಸಿದೆ.

"ಹಿಂದಿನ ಲಾರಿ ಕಾಣ್ಲಿ ಅಂತ ಅವತ್ತು ಹ್ಯಾಂಡಲ್ಲಿಗೆ ಇಲ್ಲಿಯ ಹಳೇ ಸ್ಕೂಟರಿನ ಕನ್ನಡಿ ಕಟ್ಕೊಂಡಿದ್ದೆ, ತಂಗಿ. ತಿರುವು ಬರುವ ತನಕ ಅವಳನ್ನೇ ನೋಡ್ತಾ ಹೋದೆ."

ಅವತ್ತು ಅವರು ನಮ್ಮ ಗೇಟಿನಲ್ಲಿ ನಿಂತಾಗ ನಾನು ಮುಖವನ್ನಷ್ಟೇ ನೋಡಿದ್ದೆ, ಕನ್ನಡಿ ನೋಡಿರಲಿಲ್ಲ. ಅಕ್ಕೋರೂ ನೋಡಿದಂತಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬಂದೆ. ಇಂಥ ಸುದ್ದಿ ಸಿಕ್ಕರೆ ಮೊದಲೆಲ್ಲ ಚಪ್ಪಲಿ ಕಳಚುವ ಮುಂಚೆಯೇ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದೆ. ನಿನ್ನೆ ಆ ಮನೆಯಲ್ಲಿ ಬಾಡಿಗೆಯವರ ದೀಪ ಉರಿಯುತ್ತಿತ್ತು. ನಾನು ನಮ್ಮ ಬಾಗಿಲು ತೆಗೆದು ಒಳಗೆ ಬಂದೆ.