ತುಂಬಿದ ಬಸ್ಸಿನಲ್ಲಿ ಅಜ್ಜ ಏನು ಮಾಡಿದರು?

ಸಂಜೆ ಐದಕ್ಕೆ ಕೊಪ್ಪದಲ್ಲಿ ಹರಿಹರಪುರದ ಬಸ್ಸು ಹತ್ತಿದೆ, ಸ್ನೇಹಿತರೇ. ಮಧ್ಯಾಹ್ನವೆಲ್ಲ ಅಂಗಡಿ ತಿರುಗಿದ್ದೇ ಆಗಿತ್ತು. ಬಸ್ಸಿನಲ್ಲಿ ಒಂದು ಸೀಟೂ ಖಾಲಿ ಉಳಿಯಲಿಲ್ಲ. ಪಕ್ಕದಲ್ಲಿದ್ದ ಶಾಲೆಯ ಹುಡುಗಿ ಮುಖ ಊದಿಸಿಕೊಂಡಿದ್ದಳು.

"ಎಂತಾಯ್ತೇ ಕೂಸೇ?" ಎಂದೆ.

ಸರಿಯಾದ ಕ್ರಿಯಾಪದ ಆರಿಸುವ ಪರೀಕ್ಷೆಯಂತೆ. 'ಬಸ್ಸು ತುಂಬಿತ್ತು. ಆದ್ದರಿಂದ ಅಜ್ಜ ____.' ನಿಂತರೋ, ಕುಳಿತರೋ? ಇವಳು 'ಕುಳಿತರು' ಎಂದು ಬರೆದದ್ದಕ್ಕೆ ಟೀಚರ್ ತಪ್ಪು ಹಾಕಿದ್ದಾರೆ.

"ವಾಕ್ಯದಲ್ಲೇ ಸುಳಿವು ಇರ್ತದೆ, ನೋಡಿ ಬರಿ ಅಂದ್ರು. ನೋಡೇ ಬರೆದಿದ್ದು. ಅಜ್ಜ ಅಂತ ಇದ್ಯಲ್ಲ!"

ಹಿಂದಿನ ಸೀಟಿನ ಗಂಡಸು ಬಿಡಲಿಲ್ಲ. "ತುಂಬಿತ್ತು ಅಂತ್ಲೂ ಇದೆ ಮಾರಾಯ್ತಿ. ನಿಂತರು ಅನ್ನೋದೇ ಸರಿ." ಕಂಡಕ್ಟರ್ ಕೂಡ ಟೀಚರ್ ಪರ.

ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಕೋಲು ಹಿಡಿದ ಅಜ್ಜರೊಬ್ಬರು ಹತ್ತಿದರು. ವಾದಿಸುತ್ತಿದ್ದ ಅದೇ ಗಂಡಸು ತಟ್ಟನೆ ಎದ್ದು, "ಬನ್ನಿ ಅಜ್ಜ, ಕೂತ್ಕೊಳಿ" ಎಂದ.

"ಕುಳಿತರು!" ಎಂದು ಹುಡುಗಿ ಕೂಗಿದಳು.

ಇಡೀ ಬಸ್ಸು ನಕ್ಕಿತು. ಏನೂ ತಿಳಿಯದ ಅಜ್ಜರೂ ನಕ್ಕರು. ನಮ್ಮನೆಯವರು ತೀರಿಕೊಂಡ ಮೇಲೆ ನಾನು ಬಾಯಿ ತುಂಬ ನಕ್ಕಿದ್ದು ಇವತ್ತೇ.

ಸೀಟು ಬಿಟ್ಟುಕೊಟ್ಟವನು ಮಾತ್ರ ಕಂಬಿ ಹಿಡಿದು, "ಈಗ್ಲೂ ನಿಂತರು ಅನ್ನೋದೇ ಸರಿ. ನಿಂತಿದ್ದು ನಾನು, ಅಷ್ಟೇ" ಎಂದ.

ನಾಳೆ ಹುಡುಗಿಗೆ ಮರುಪರೀಕ್ಷೆ. ಮತ್ತೆ 'ಕುಳಿತರು' ಎಂದೇ ಬರೆಯುತ್ತಾಳಂತೆ.