ಮೊದಲು ಜಗ್ಗು, ಆಮೇಲೆ ದಬ್ಬು

ಕಳೆದ ಶನಿವಾರ ಒಂದೇ ಒಂದು ‘ಹೂಂ’ನಿಂದ ನಾನು ಒಬ್ಬರ ತಿಂಗಳ ದುಡಿಮೆಯನ್ನು ಅಳಿಸಿಹಾಕಿದೆ. ಅದೂ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಮುಂದೆ, ತಂಗಿಯ ಸೂಟ್‌ಕೇಸ್ ಹಿಡಿದು ನಿಂತುಕೊಂಡು.

ಹೇಗೆ ಅಂತೀರಾ? ನಾವು ಮೂವರು ಸೇರಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಬೆಳಗಾವಿಯಿಂದ ಖಾನಾಪುರದ ಹಳ್ಳಿಗಳಿಗೆ ಯಾವ ಬಸ್ಸು ಎಷ್ಟೊತ್ತಿಗೆ ಅಂತ ಹೇಳುವ ಆ್ಯಪ್. (ಬಸ್ಸು ಅದರ ಮಾತು ಕೇಳುತ್ತದೋ ಇಲ್ಲವೋ, ಅದು ಬೇರೆ ವಿಷಯ.) ನಾನು ಬೆಳಗಾವಿಯಲ್ಲಿ, ಶುಭಾಂಗಿ ಖಾನಾಪುರದಲ್ಲಿ, ನಮ್ಮಿಬ್ಬರಿಗಿಂತ ಹಿರಿಯರಾದ ಭರಮಣ್ಣ ಪಾರಿಶ್ವಾಡದಲ್ಲಿ. ಮೂವರಿಗೂ ಬೇರೆ ನೌಕರಿ ಇದೆ. ಇದು ರಜೆ ದಿನದ ಹುಚ್ಚು.

ಮೂರು ಊರಲ್ಲಿ ಕುಳಿತು ಒಂದೇ ಕೋಡ್ ಬರೆಯುವುದು ಹೇಗೆ? ಅದಕ್ಕೆ ಗಿಟ್ ಎಂಬ ತಂತ್ರಾಂಶ ಇದೆ. ಪೂರ್ತಿ ಕೋಡು, ಅದರ ಹಳೆಯ ಚರಿತ್ರೆ ಸಮೇತ, ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ಸರ್ವರಿನಲ್ಲಿ ಎಲ್ಲರಿಗೂ ಸೇರಿದ ಒಂದು ಪ್ರತಿ. ಬೇರೆಯವರು ಮಾಡಿದ್ದನ್ನು ಅಲ್ಲಿಂದ ಇಳಿಸಿಕೊಳ್ಳುವುದು ಪುಲ್, ನಾವು ಮಾಡಿದ್ದನ್ನು ಏರಿಸುವುದು ಪುಶ್. ನಮ್ಮ ಬಾಯಲ್ಲಿ ಅವು ಜಗ್ಗು ಮತ್ತು ದಬ್ಬು. ‘ಮೊದಲ ಜಗ್ಗು, ಆಮ್ಯಾಲ ದಬ್ಬು’ ಎನ್ನುವುದು ಭರಮಣ್ಣನವರ ಮಂತ್ರ. ಬೇರೆಯವರದ್ದನ್ನು ಸೇರಿಸಿಕೊಳ್ಳದೆ ದಬ್ಬಿದರೆ ಗಿಟ್ ಒಪ್ಪುವುದಿಲ್ಲ. ಬಲವಂತ ಮಾಡಿದರೆ ಒಪ್ಪುತ್ತದೆ, ಆದರೆ ಆಗ ಅವರದ್ದು ಹೋಗಿ ನಿಮ್ಮದಷ್ಟೇ ಉಳಿಯುತ್ತದೆ. (ಮನೆಯಲ್ಲಿ ಒಂದೇ ಟಿವಿ ರಿಮೋಟ್ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಶನಿವಾರ ಬೆಳಿಗ್ಗೆ ಭರಮಣ್ಣ ಗ್ರೂಪಿನಲ್ಲಿ ಹಾಕಿದ್ದರು: ಸಂತೆ ದಿನ ಬದಲಾಗುವ ಬಸ್ ವೇಳೆಗಳ ಕೆಲಸ ಮುಗಿಯಿತು, ಎಲ್ಲ ದಬ್ಬಿದ್ದೇನೆ, ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಲು ಕೊಟ್ಟಿದ್ದೇನೆ. ಒಂದು ತಿಂಗಳು ಕಂಡಕ್ಟರುಗಳ ಬೆನ್ನುಹತ್ತಿ ಅವರು ಕಲೆಹಾಕಿದ ವಿವರ ಅದು.

ಸಂಜೆ ಶುಭಾಂಗಿಯ ಫೋನ್. ಅವಳು ಮೊದಲು ಜಗ್ಗಿದ್ದಳು. ಅವಳು ತಿದ್ದಿದ ಸಾಲುಗಳನ್ನೇ ಭರಮಣ್ಣನೂ ತಿದ್ದಿದ್ದರಿಂದ ಗಿಟ್ ‘ಕಾನ್‌ಫ್ಲಿಕ್ಟ್’, ಅಂದರೆ ಜಗಳ, ಅಂತ ತಡೆದು ನಿಲ್ಲಿಸಿತ್ತು. ಗಾಬರಿಬಿದ್ದು, ಇಬ್ಬರದ್ದನ್ನೂ ಸೇರಿಸುವ ಆ ಜೋಡಣೆಯನ್ನೇ ರದ್ದು ಮಾಡಿ, ತನ್ನದನ್ನು ದಬ್ಬಲು ಹೋಗಿದ್ದಾಳೆ. ಪರದೆಯ ಮೇಲೆ ಕೆಂಪಕ್ಷರದ ಎಚ್ಚರಿಕೆ, ಕೆಳಗೊಂದು ಬಟನ್. ಇಷ್ಟೂ ನನಗೆ ಗೊತ್ತಾದದ್ದು ಆಮೇಲೆ. ಅಲ್ಲಿ ಅವಳ ನೆಟ್‌ವರ್ಕ್ ಕಡಿಯುತ್ತಿತ್ತು, ಇಲ್ಲಿ ನನ್ನ ಕಾರಿನ ಹಿಂದಿದ್ದವನು ಹಾರ್ನ್ ಬಾರಿಸುತ್ತಿದ್ದ. ನನಗೆ ಕೇಳಿಸಿದ್ದು ಕೊನೆಯ ತುಣುಕು ಮಾತ್ರ.

“ಅಕ್ಕಾ, ದಾಬೂ ಕಾ?”

“ಹೂಂ, ದಬ್ಬು.”

ಶುಭಾಂಗಿಯ ಮನೆಮಾತು ಮರಾಠಿ. ಗಾಬರಿಯಾದರೆ ಕನ್ನಡ ಬಿಟ್ಟು ಅದಕ್ಕೆ ಜಿಗಿಯುತ್ತಾಳೆ. ‘ದಾಬೂ ಕಾ’ ಅಂದರೆ ‘ಒತ್ತಲೇ’ ಅಂತ. ಆ ಬಟನ್ ಒತ್ತಲೇ ಎಂದು ಅವಳು ಕೇಳಿದ್ದು. ನನ್ನ ಕಿವಿಗೆ ಅದು ‘ದಬ್ಬಲೇ’ ಅಂತ ಬಿತ್ತು. ಅರ್ಧ ಕನ್ನಡ, ಅರ್ಧ ಮರಾಠಿ ವಾಕ್ಯ ನಮ್ಮ ಕಡೆ ಹೊಸದೇ? ನನ್ನ ‘ದಬ್ಬು’ ಅವಳಿಗೆ ‘ದಾಬ್’, ಅಂದರೆ ‘ಒತ್ತು’, ಅಂತ ಕೇಳಿಸಿತು. ಒತ್ತಿದಳು. ಅದು ಬಲವಂತದ ಬಟನ್. ಸರ್ವರಿನಲ್ಲಿದ್ದ ಭರಮಣ್ಣನವರ ಕೆಲಸ ಮಾಯ.

ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಫೋನ್ ಮಾಡಿದಳು, ಅಳುವ ದನಿಯಲ್ಲಿ. ಸಂತೆ ದಿನದ ಬಸ್ಸುಗಳೇ ಕಾಣುತ್ತಿಲ್ಲವಂತೆ. ನಾನು ಜಗ್ಗದೆ ವಾರವಾಗಿತ್ತು, ಹಾಗಾಗಿ ನನ್ನಲ್ಲಿ ಅದು ಇಲ್ಲ. ಭರಮಣ್ಣನವರ ಲ್ಯಾಪ್‌ಟಾಪ್ ಅಷ್ಟರಲ್ಲಿ ತೊಳೆದಿಟ್ಟ ತಟ್ಟೆಯಾಗಿತ್ತು.

ಈಗಲೇ ಭರಮಣ್ಣನಿಗೆ ಹೇಳಿಬಿಡುತ್ತೇನೆ ಅಂದಳು. ತಡೆದೆ. ಭರಮಣ್ಣ ಜೈನರು. ಹೊತ್ತು ಮುಳುಗುವ ಮೊದಲೇ ಊಟ, ಆಮೇಲೆ ಏನನ್ನೂ ಮುಟ್ಟುವುದಿಲ್ಲ. ಈಗ ಊಟಕ್ಕೆ ಕುಳಿತಿರುತ್ತಾರೆ. ಈ ಸುದ್ದಿ ಕೇಳಿ ಅರ್ಧಕ್ಕೆ ಎದ್ದರೆ ಬೆಳಗಿನವರೆಗೂ ಉಪವಾಸ. ತಿಂಗಳ ಕೆಲಸ ಹಾಳು ಮಾಡಿದ್ದು ಸಾಲದೆ ಅವರ ಊಟವನ್ನೂ ಕಳೆಯಬೇಕೇ?

“ಅವ್ರ ಊಟಾ ಆಗ್ಲಿ, ತಡಿ,” ಅಂದೆ.

ನಮ್ಮನ್ನು ಉಳಿಸಿದ್ದು ಆ ಊಟವೇ. ತಂಗಿಯನ್ನು ಒಳಗೆ ಕಳಿಸಿ, ಕಾರನ್ನು ಬದಿಗೆ ನಿಲ್ಲಿಸಿ, ನಡೆದದ್ದನ್ನು ಮೊದಲಿನಿಂದ ಹೇಳು ಅಂದೆ. ಈ ಸಲ ಪೂರ್ತಿ ಕೇಳಿದೆ.

“ದಬ್ಬೂಕಿಂತ ಮೊದಲ ಜಗ್ಗಿದ್ದಿ ಅಂದಿ. ಖರೇನ?”

“ಖರೇ ಅಕ್ಕಾ. ಜಗ್ಗಿದ್ದಕ್ಕ ಜಗಳಾ ಬಂತು.”

ಜಗ್ಗಿದ್ದಾಳೆ ಅಂದಮೇಲೆ ಭರಮಣ್ಣನವರ ಕೆಲಸ ಅವಳ ಲ್ಯಾಪ್‌ಟಾಪಿಗೆ ಇಳಿದಿರಲೇಬೇಕು! ಜೋಡಣೆ ರದ್ದಾದರೂ ಇಳಿದದ್ದು ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ಗಿಟ್ ಯಾವುದನ್ನೂ ಅಷ್ಟು ಬೇಗ ಎಸೆಯುವುದಿಲ್ಲ, ನಮ್ಮತ್ತೆ ಪ್ಲಾಸ್ಟಿಕ್ ಡಬ್ಬಿ ಎಸೆಯದ ಹಾಗೆ. ನಾನು ಹೇಳುತ್ತ ಹೋದೆ, ಅವಳು ಹುಡುಕುತ್ತ ಹೋದಳು. ಸಿಕ್ಕಿತು. ಅಳಿಸಿದವಳ ಹತ್ತಿರವೇ ಇತ್ತು. ಅವಳು ಒಂದೊಂದೇ ಸಾಲು ಓದಿ ಹೇಳಿದಳು, ಇಬ್ಬರೂ ಸೇರಿ ಎರಡನ್ನೂ ಜೋಡಿಸಿದೆವು. ಕೊನೆಗೆ ಮತ್ತೆ ಮತ್ತೆ ಕೇಳಿ, ಅದೂ ಅಚ್ಚ ಕನ್ನಡದಲ್ಲಿ, ದಬ್ಬಿದಳು. ಅಷ್ಟು ನಿರಾಳವಾಗಿ ನಾನು ಉಸಿರು ಬಿಟ್ಟು ಎಷ್ಟು ದಿನವಾಗಿತ್ತೋ.

ಹೊತ್ತು ಮುಳುಗಿದ ಮೇಲೆ ಇಬ್ಬರೂ ಸೇರಿ ಭರಮಣ್ಣನಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಒಪ್ಪಿಸಿದೆವು. ಅವರು ನಕ್ಕರು.

“ಕನ್ನಡ, ಮರಾಠಿ ಜಗಳಾಡಿ ಕೆಡಿಸಿದ್ದು ಕೇಳಿದ್ದೆ. ನೀವಿಬ್ರು ಒಪ್ಕೊಂಡು ಕೆಡಿಸಿದ್ರಲ್ಲಾ ತಂಗೀ.”

ಆ ಮಾತು ನನ್ನ ತಲೆಯಲ್ಲೇ ಕುಳಿತಿದೆ. ಜಗಳ ಬಂದಾಗ ಗಿಟ್ ತಡೆದು, ಇಬ್ಬರದ್ದನ್ನೂ ಮುಂದಿಟ್ಟು, ನೋಡಿ ತೀರ್ಮಾನಿಸಿ ಅಂದಿತ್ತು. ಆಗ ಏನೂ ಕೆಡಲಿಲ್ಲ. ಕೆಟ್ಟದ್ದು ನಾವು ಒಪ್ಪಿದಾಗ. ದಿನಕ್ಕೆ ಇಂಥ ‘ಹೂಂ’ ಎಷ್ಟು ಹಂಚುತ್ತೇವೆ? ಒಗ್ಗರಣೆಯ ಸದ್ದಿನಲ್ಲಿ ಗಂಡನಿಗೊಂದು, ಮೊಬೈಲಿನಿಂದ ತಲೆ ಎತ್ತದೆ ಮಗಳಿಗೊಂದು, ಮೀಟಿಂಗಿನಲ್ಲಿ ಸಾಹೇಬರಿಗೊಂದು. ಎದುರಿನವರ ಮಾತನ್ನು ಒಳಗೆ ಜಗ್ಗಿಕೊಳ್ಳುವ ಮೊದಲೇ ನಮ್ಮ ಒಪ್ಪಿಗೆಯನ್ನು ದಬ್ಬಿಬಿಡುತ್ತೇವೆ.

ತಿಳಿಯಿತಲ್ಲ? ಸುಮ್ಮನೆ ‘ಹೂಂ’ ಅನ್ನಬೇಡಿ, ಏನು ತಿಳಿಯಿತು ಅಷ್ಟು ಹೇಳಿ.